ವೈಫೈ ಸಿಗುತ್ತಿಲ್ಲ ಎಂದರೆ ಎಲ್ಲಿ ಸಿಗುತ್ತಿಲ್ಲ?

ಮನೆಯ ಮೊಬೈಲುಗಳಿಗೆಲ್ಲ ವೈಫೈ ಬರುತ್ತಿದೆ, ಟಿವಿಗೂ ಬರುತ್ತಿದೆ, ಲ್ಯಾಪ್‌ಟಾಪಿಗೆ ಮಾತ್ರ ಇಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಮಾಡುವುದು ಒಂದೇ. ರೂಟರ್ ಆಫ್ ಮಾಡಿ ಆನ್ ಮಾಡುತ್ತೇವೆ, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡುತ್ತೇವೆ, ಪಾಸ್‌ವರ್ಡನ್ನು ನಾಲ್ಕು ಸಲ ಒತ್ತುತ್ತೇವೆ, ಆಮೇಲೆ ಯಾರೋ ಹೇಳಿದರೆಂದು ಕಣ್ಣಿಗೆ ಬಿದ್ದ ಸೆಟ್ಟಿಂಗನ್ನೆಲ್ಲ ತಿರುವಿಹಾಕುತ್ತೇವೆ. ಒಮ್ಮೊಮ್ಮೆ ಸರಿಹೋಗುವುದೂ ಉಂಟು. ಆದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲವಲ್ಲ, ಹಾಗಾಗಿ ಮುಂದಿನ ಸಲ ಮತ್ತೆ ಅದೇ ಪ್ರದಕ್ಷಿಣೆ.

ನಾನೂ ಹಾಗೆ ಸುತ್ತಿದವನೇ. ಒಮ್ಮೆ ಹಳೆಯ ಲ್ಯಾಪ್‌ಟಾಪೊಂದರಲ್ಲಿ ವೈಫೈ ನಿಂತುಹೋಯಿತೆಂದು ಒಂದಿಡೀ ಭಾನುವಾರ ಕೂತು ವಿಂಡೋಸನ್ನೇ ಹೊಸದಾಗಿ ಹಾಕಿದೆ. ಆಗಲೂ ಬರಲಿಲ್ಲ. ಸಂಜೆ ಬೇಸತ್ತು ಲ್ಯಾಪ್‌ಟಾಪನ್ನು ಮಡಚಿ ಎತ್ತುವಾಗ ಅದರ ಮುಂದಿನ ಅಂಚಿನಲ್ಲಿ ಉಗುರಿನಷ್ಟು ದೊಡ್ಡದೊಂದು ಸ್ವಿಚ್ ಬೆರಳಿಗೆ ತಾಗಿತು. ಬ್ಯಾಗಿಗೆ ತುರುಕುವಾಗ ಅದು ಆಫ್ ಕಡೆಗೆ ಸರಿದಿತ್ತು. ಬೆರಳಿನಿಂದ ಇತ್ತ ಸರಿಸಿದ ಕೂಡಲೇ ವೈಫೈ ಬಂತು. ಆ ಭಾನುವಾರ ಹಾಳಾದದ್ದು ನನಗೆ ವಿಂಡೋಸ್ ಹಾಕಲು ಬರುತ್ತಿರಲಿಲ್ಲ ಎಂದಲ್ಲ, ತೊಂದರೆ ಯಾವ ಹಂತದಲ್ಲಿದೆ ಎಂದು ಕೇಳಿಕೊಳ್ಳಲೇ ಇಲ್ಲ ಎಂದು.

ಲ್ಯಾಪ್‌ಟಾಪ್ ವೈಫೈಗೆ ಸೇರುವುದು ನಮ್ಮ ಕಣ್ಣಿಗೆ ಒಂದೇ ಕೆಲಸ. ಒಳಗೆ ನಡೆಯುವುದು ಒಂದರ ಹಿಂದೊಂದು ಐದು ಕೆಲಸ. ಮೊದಲು ಲ್ಯಾಪ್‌ಟಾಪಿನೊಳಗಿನ ಪುಟ್ಟ ರೇಡಿಯೋ ಎಚ್ಚರವಾಗಿರಬೇಕು. ಎರಡನೆಯದಾಗಿ ಆ ರೇಡಿಯೋಗೆ ನಿಮ್ಮ ರೂಟರಿನ ಕೂಗು ಕೇಳಿಸಬೇಕು. ಮೂರನೆಯದು, ಇಬ್ಬರ ಬಳಿಯೂ ಒಂದೇ ಪಾಸ್‌ವರ್ಡ್ ಇದೆ ಎಂದು ಪರಸ್ಪರ ಖಾತ್ರಿಯಾಗಬೇಕು. ನಾಲ್ಕನೆಯದು, ರೂಟರ್ ಲ್ಯಾಪ್‌ಟಾಪಿಗೆ ಒಂದು ಐಪಿ ವಿಳಾಸ, ಅಂದರೆ ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ, ಕೊಡಬೇಕು. ಕೊನೆಗೆ, ಜಾಲತಾಣದ ಹೆಸರು ಹೇಳಿದರೆ ಅದು ಎಲ್ಲಿದೆ ಎಂದು ಹೇಳುವ ವ್ಯವಸ್ಥೆ ಕೆಲಸ ಮಾಡಬೇಕು. ಕೆಳಗಿನ ಮೆಟ್ಟಿಲು ಮುರಿದಿದ್ದರೆ ಮೇಲಿನದನ್ನು ಎಷ್ಟು ಉಜ್ಜಿದರೂ ಉಪಯೋಗವಿಲ್ಲ. ರೇಡಿಯೋ ಮಲಗಿರುವಾಗ ಪಾಸ್‌ವರ್ಡ್ ಸರಿಯೇ ಎಂದು ತಲೆ ಕೆಡಿಸಿಕೊಳ್ಳುವುದು ವ್ಯರ್ಥ, ವಿಳಾಸವೇ ಸಿಗದಿರುವಾಗ ಬ್ರೌಸರ್ ಬದಲಿಸುವುದೂ ಅಷ್ಟೇ.

ಮೊದಲು ಒಂದು ಸಣ್ಣ ಪರೀಕ್ಷೆ

ಮೊಬೈಲಿನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿ, ಲ್ಯಾಪ್‌ಟಾಪನ್ನು ಅದಕ್ಕೆ ಸೇರಿಸಿ ನೋಡಿ. ಸೇರಿ ಇಂಟರ್‌ನೆಟ್ ಬಂದರೆ ಲ್ಯಾಪ್‌ಟಾಪಿನ ರೇಡಿಯೋ ಮತ್ತು ಅದನ್ನು ನಡೆಸುವ ಡ್ರೈವರ್ ಎಂಬ ಸಾಫ್ಟ್‌ವೇರ್ ಬಹುತೇಕ ನೆಟ್ಟಗಿವೆ ಎಂದರ್ಥ. ಆಗ ತಕರಾರು ರೂಟರಿನಲ್ಲಿದೆ, ಇಲ್ಲವೇ ಈ ರೂಟರಿಗೂ ಈ ಲ್ಯಾಪ್‌ಟಾಪಿಗೂ ನಡುವೆ ಏನೋ ಹೊಂದುತ್ತಿಲ್ಲ. ಹಾಟ್‌ಸ್ಪಾಟಿಗೂ ಸೇರದಿದ್ದರೆ ರೂಟರನ್ನು ಅದರ ಪಾಡಿಗೆ ಬಿಟ್ಟು ಲ್ಯಾಪ್‌ಟಾಪಿನತ್ತ ತಿರುಗಿ. ಎರಡು ನಿಮಿಷದ ಈ ಪರೀಕ್ಷೆ ಹುಡುಕಾಟವನ್ನು ಅರ್ಧಕ್ಕೆ ಇಳಿಸುತ್ತದೆ, ಆದರೂ ಇದನ್ನು ಮಾಡುವವರು ಕಡಿಮೆ.

ಜೊತೆಗೆ ಇನ್ನೊಂದು ಮಾತು. ‘ಮೊಬೈಲಿಗೆ ವೈಫೈ ಬರುತ್ತಿದೆ’ ಎಂಬುದನ್ನು ಕಣ್ಣುಮುಚ್ಚಿ ನಂಬಬೇಡಿ. ವೈಫೈಯಲ್ಲಿ ಇಂಟರ್‌ನೆಟ್ ಇಲ್ಲದಿದ್ದರೆ ಎಷ್ಟೋ ಫೋನುಗಳು ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಹಾರುತ್ತವೆ. ಡೇಟಾ ಆಫ್ ಮಾಡಿ, ಬರೀ ವೈಫೈಯಲ್ಲಿ ಏನಾದರೂ ತೆರೆದು ನೋಡಿ. ಫೋನಿನಲ್ಲೂ ಬರದಿದ್ದರೆ ಬಡಪಾಯಿ ಲ್ಯಾಪ್‌ಟಾಪ್ ನಿರಪರಾಧಿ. ರೂಟರಿನ ಪ್ಲಗ್ ತೆಗೆದು ಅರ್ಧ ನಿಮಿಷ ಬಿಟ್ಟು ಹಾಕಿ, ಆಗಲೂ ಬರದಿದ್ದರೆ ಇಂಟರ್‌ನೆಟ್ ಕೊಡುವವರಿಗೆ ಫೋನ್ ಮಾಡಿ.

ರೇಡಿಯೋ ಎದ್ದಿದೆಯೇ?

ವೈಫೈ ಪಟ್ಟಿ ತೆರೆದಾಗ ಅಕ್ಕಪಕ್ಕದ ಮನೆಗಳ ಹೆಸರುಗಳೂ ಕಾಣುತ್ತಿಲ್ಲ, ಇಡೀ ಪಟ್ಟಿ ಖಾಲಿ, ಅಥವಾ ವೈಫೈ ಎಂಬ ಗುಂಡಿಯೇ ಮಾಯ. ಇದು ಮೊದಲ ಮೆಟ್ಟಿಲಿನ ಲಕ್ಷಣ. ಏರೋಪ್ಲೇನ್ ಮೋಡ್ ಆನ್ ಆಗಿದೆಯೇ ನೋಡಿ. ಕೀಬೋರ್ಡಿನ ಮೇಲಿನ ಸಾಲಿನಲ್ಲಿ ವಿಮಾನದ ಅಥವಾ ಗೋಪುರದ ಚಿತ್ರವಿರುವ ಕೀ ಇದ್ದರೆ ಅದನ್ನು ಒಮ್ಮೆ ಒತ್ತಿ, ಕೆಲವದರಲ್ಲಿ ಎಫ್‌ಎನ್ ಕೀ ಜೊತೆಗೆ ಒತ್ತಬೇಕು. ಹಳೆಯ ಲ್ಯಾಪ್‌ಟಾಪಾದರೆ ಅಂಚುಗಳನ್ನೆಲ್ಲ ಬೆರಳಾಡಿಸಿ ಸ್ವಿಚ್ ಹುಡುಕಿ. ನನ್ನ ಭಾನುವಾರದ ಪಾಠ ನಿಮಗೆ ಪುಕ್ಕಟೆ.

ಇದಾವುದೂ ಅಲ್ಲದಿದ್ದರೆ ವಿಂಡೋಸಿನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು ನೆಟ್‌ವರ್ಕ್ ಅಡಾಪ್ಟರ್ಸ್ ಎಂಬುದರ ಕೆಳಗೆ ನೋಡಿ. ವೈಫೈ ಅಥವಾ ವೈರ್‌ಲೆಸ್ ಎಂಬ ಹೆಸರಿನ ಸಾಲು ಇದ್ದು ಅದರ ಮೇಲೆ ಹಳದಿ ಗುರುತು ಕಂಡರೆ ಡ್ರೈವರಿನ ತೊಂದರೆ. ಡ್ರೈವರ್ ಎಂದರೆ ಆಪರೇಟಿಂಗ್ ಸಿಸ್ಟಮ್ಮಿಗೂ ರೇಡಿಯೋ ಚಿಪ್ಪಿಗೂ ನಡುವಿನ ದುಭಾಷಿ. ವಿಂಡೋಸ್ ಅಪ್‌ಡೇಟ್ ಆದ ಮರುದಿನವೇ ವೈಫೈ ಕೈಕೊಟ್ಟಿದ್ದರೆ ಹೊಸ ದುಭಾಷಿಯ ಮೇಲೆ ಅನುಮಾನ ಪಡುವುದು ನ್ಯಾಯವೇ. ಆ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸಿನ ಡ್ರೈವರ್ ಟ್ಯಾಬಿಗೆ ಹೋದರೆ ‘ರೋಲ್ ಬ್ಯಾಕ್ ಡ್ರೈವರ್’ ಎಂಬ ಗುಂಡಿ ಇರುತ್ತದೆ, ಅದು ಹಳೆಯ ದುಭಾಷಿಯನ್ನೇ ಮತ್ತೆ ಕರೆತರುತ್ತದೆ. ಆ ಗುಂಡಿ ಮಂಕಾಗಿದ್ದರೆ ಲ್ಯಾಪ್‌ಟಾಪ್ ತಯಾರಕರ ತಾಣದಿಂದ ನಿಮ್ಮ ಮಾಡೆಲಿನ ಡ್ರೈವರನ್ನೇ ತಂದು ಹಾಕಬೇಕು. ಇಂಟರ್‌ನೆಟ್ಟೇ ಇಲ್ಲದಿರುವಾಗ ತರುವುದೆಲ್ಲಿಂದ? ಮೊಬೈಲನ್ನು ಕೇಬಲಿನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಸಾಮಾನ್ಯವಾಗಿ ವೈಫೈ ಇಲ್ಲದೆಯೂ ಇಂಟರ್‌ನೆಟ್ ಬರುತ್ತದೆ.

ಡಿವೈಸ್ ಮ್ಯಾನೇಜರಿನಲ್ಲಿ ವೈಫೈಯ ಸಾಲೇ ಇಲ್ಲದಿದ್ದರೆ ಗಾಬರಿಯಾಗಬೇಡಿ, ಚಿಪ್ಪು ಸತ್ತಿದೆ ಎಂದು ಆಗಲೇ ತೀರ್ಮಾನಿಸಬೇಡಿ. ರೇಡಿಯೋ ಚಿಪ್ಪಿನೊಳಗೂ ಒಂದು ಪುಟ್ಟ ಪ್ರೋಗ್ರಾಂ ಓಡುತ್ತಿರುತ್ತದೆ. ಅದು ಒಮ್ಮೊಮ್ಮೆ ಸಿಕ್ಕಿಹಾಕಿಕೊಂಡು ಮೇಲೇಳದೆ ಕೂರುತ್ತದೆ. ಕೆಲವೊಮ್ಮೆ ರೀಸ್ಟಾರ್ಟ್ ಸಾಕಾಗುತ್ತದೆ, ಕೆಲವೊಮ್ಮೆ ಅದಕ್ಕೆ ಸಿಗುತ್ತಿರುವ ವಿದ್ಯುತ್ತನ್ನು ಪೂರ್ತಿ ಕಡಿದರೆ ಮಾತ್ರ ಹೊಸದಾಗಿ ಶುರುವಾಗುತ್ತದೆ. ಇಲ್ಲೊಂದು ತಮಾಷೆ ಇದೆ. 2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆ ಇದೆ. ಅದು ಆನ್ ಇದ್ದರೆ ‘ಶಟ್ ಡೌನ್’ ಒತ್ತಿದಾಗ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ತನ್ನ ಒಳತಿರುಳನ್ನು ಇದ್ದ ಸ್ಥಿತಿಯಲ್ಲೇ ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ, ಬೆಳಿಗ್ಗೆ ಅದನ್ನೇ ಓದಿಕೊಂಡು ಏಳುತ್ತದೆ, ನಿನ್ನೆಯ ಗಂಟುಗಳ ಸಮೇತ. ‘ರೀಸ್ಟಾರ್ಟ್’ ಒತ್ತಿದರೆ ಮಾತ್ರ ವಿಂಡೋಸ್ ಮೊದಲಿನಿಂದ ಶುರು. ‘ಮೂರು ಸಲ ಆಫ್ ಮಾಡಿ ಆನ್ ಮಾಡಿದೆ’ ಎನ್ನುವವರಿಗೆ ನಾನು ಮೊದಲು ಕೇಳುವುದೇ ಇದನ್ನು: ಶಟ್ ಡೌನ್ ಮಾಡಿದಿರೋ, ರೀಸ್ಟಾರ್ಟೋ?

ರೀಸ್ಟಾರ್ಟಿಗೂ ಬಗ್ಗದಿದ್ದರೆ ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿ ಬಿಚ್ಚಲು ಬರುವಂತಿದ್ದರೆ ಅದನ್ನೂ ತೆಗೆದು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಮಂತ್ರ ಹಾಕಿದಂತೆ ಕಂಡರೂ ಇದರ ಹಿಂದಿನ ಕಾರಣ ಸರಳ: ಬೋರ್ಡಿನಲ್ಲಿ ಉಳಿದಿದ್ದ ಚೂರುಪಾರು ವಿದ್ಯುತ್ತೂ ಖಾಲಿಯಾಗಿ ಚಿಪ್ಪಿಗೆ ನಿಜವಾದ ಹೊಸ ಹುಟ್ಟು ಸಿಗುತ್ತದೆ. ಮಾಯವಾಗಿದ್ದ ವೈಫೈ ಸಾಲು ಹೀಗೆ ವಾಪಸ್ ಬಂದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ.

ಲಿನಕ್ಸ್ ಬಳಸುವವರು ಟರ್ಮಿನಲ್ಲಿನಲ್ಲಿ ‘ಆರ್‌ಎಫ್‌ಕಿಲ್ ಲಿಸ್ಟ್’ (rfkill list) ಆದೇಶ ಕೊಟ್ಟರೆ ಸಾಕು. ಸಾಫ್ಟ್ ಬ್ಲಾಕ್ ಎಂದರೆ ಸಾಫ್ಟ್‌ವೇರಿನಲ್ಲಿ ಆಫ್ ಆಗಿದೆ, ಹಾರ್ಡ್ ಬ್ಲಾಕ್ ಎಂದರೆ ಸ್ವಿಚ್ಚೋ ಕೀಬೋರ್ಡಿನ ಕೀಯೋ ಆಫ್ ಆಗಿದೆ ಎಂದು ಅದೇ ಹೇಳಿಬಿಡುತ್ತದೆ.

ನೆರೆಮನೆಯ ಹೆಸರು ಕಾಣುತ್ತದೆ, ನಮ್ಮದು ಕಾಣುವುದಿಲ್ಲ

ರೂಟರ್ ಸುಮ್ಮನೆ ಕೂತಿರುವುದಿಲ್ಲ. ‘ನಾನಿಲ್ಲಿದ್ದೇನೆ, ನನ್ನ ಹೆಸರು ಇದು, ನನ್ನ ಬೀಗ ಇಂಥದ್ದು’ ಎಂದು ಸೆಕೆಂಡಿಗೆ ಸುಮಾರು ಹತ್ತು ಸಲ ಕೂಗುತ್ತಲೇ ಇರುತ್ತದೆ. ಈ ಕೂಗಿಗೆ ಬೀಕನ್ ಎಂದು ಹೆಸರು. ಲ್ಯಾಪ್‌ಟಾಪ್ ಒಂದೊಂದೇ ಚಾನೆಲಿಗೆ, ಅಂದರೆ ರೇಡಿಯೋ ಸ್ಟೇಷನ್ನಿನಂಥ ತರಂಗದ ಜಾಗಕ್ಕೆ, ಹೋಗಿ ಕಿವಿಗೊಟ್ಟು, ಕೇಳಿಸಿದ ಹೆಸರುಗಳನ್ನು ಪಟ್ಟಿ ಮಾಡಿ ತೋರಿಸುತ್ತದೆ. ಬೇರೆಯವರ ಹೆಸರು ಬಂದು ನಿಮ್ಮದೊಂದೇ ಬಾರದಿದ್ದರೆ ನಿಮ್ಮ ರೂಟರ್ ಕೂಗುತ್ತಿರುವ ಜಾಗಕ್ಕೆ ಲ್ಯಾಪ್‌ಟಾಪಿನ ಕಿವಿ ಹೋಗುತ್ತಿಲ್ಲ ಎಂದಾಯಿತು.

ಅದಕ್ಕೆ ಕಾರಣ ಹಲವು. ಇಂದಿನ ರೂಟರುಗಳು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಪಟ್ಟಿಗಳಲ್ಲಿ (ಬ್ಯಾಂಡ್) ಕೂಗುತ್ತವೆ, ಹೊಸವು ಕೆಲವು 6ರಲ್ಲೂ. ಹಳೆಯ, ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ಬಾರಿ 2.4 ಮಾತ್ರ ಇರುತ್ತದೆ. ನಿಮ್ಮ ರೂಟರಿನಲ್ಲಿ 2.4 ಅನ್ನು ಯಾರಾದರೂ ಆಫ್ ಮಾಡಿದ್ದರೆ ಅಂಥ ಲ್ಯಾಪ್‌ಟಾಪಿಗೆ ಆ ರೂಟರ್ ಇಲ್ಲವೇ ಇಲ್ಲ. 6 ಗಿಗಾಹರ್ಟ್ಸಿಗಂತೂ ಚಿಪ್ಪು ಹೊಸದಿದ್ದರೆ ಸಾಲದು, ವಿಂಡೋಸ್ 11 ಬೇಕು, ವಿಂಡೋಸ್ 10ಕ್ಕೆ ಅದು ಕಾಣುವುದಿಲ್ಲ.

2.4ರ ಒಳಗೂ ಒಂದು ಹೊಂಡ ಇದೆ. ಜಗತ್ತಿನ ಹೆಚ್ಚಿನ ಕಡೆ ಈ ಪಟ್ಟಿಯಲ್ಲಿ 1ರಿಂದ 13ರವರೆಗೆ ಚಾನೆಲುಗಳಿವೆ. ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಅನೇಕ ಉಪಕರಣಗಳು 11ಕ್ಕೇ ನಿಲ್ಲುತ್ತವೆ. ರೂಟರ್ ತಾನೇ ಚಾನೆಲ್ ಆರಿಸಿಕೊಳ್ಳುವ ಆಟೋ ಸ್ಥಿತಿಯಲ್ಲಿದ್ದು, ಒಂದು ರಾತ್ರಿ 12ಕ್ಕೋ 13ಕ್ಕೋ ಹೋಗಿ ಕೂತಿತೆನ್ನಿ. ಮಿಕ್ಕೆಲ್ಲ ಸಾಧನಗಳಿಗೆ ವೈಫೈ ಇದೆ, ಹೊರದೇಶದಿಂದ ತಂದ ಲ್ಯಾಪ್‌ಟಾಪಿಗೆ ಮಾತ್ರ ಇಲ್ಲ, ಅದೂ ನಿನ್ನೆಯವರೆಗೆ ಇತ್ತು! ರೂಟರಿನ ಸೆಟ್ಟಿಂಗಿನಲ್ಲಿ ಚಾನೆಲನ್ನು 1, 6 ಅಥವಾ 11ಕ್ಕೆ ಕಟ್ಟಿಹಾಕಿದರೆ ಈ ಕಣ್ಣಾಮುಚ್ಚಾಲೆ ನಿಲ್ಲುತ್ತದೆ. ಈ ಮೂರೇ ಯಾಕೆಂದರೆ ಅಕ್ಕಪಕ್ಕದ ಚಾನೆಲುಗಳು ಒಂದರ ಮೇಲೊಂದು ಹಾಯ್ದಿರುತ್ತವೆ, ಈ ಮೂರು ಮಾತ್ರ ಒಂದನ್ನೊಂದು ಮುಟ್ಟುವುದಿಲ್ಲ.

5 ಗಿಗಾಹರ್ಟ್ಸಿನ ಕತೆ ಬೇರೆ. ಅದರ 52ರಿಂದ 144ರವರೆಗಿನ ಚಾನೆಲುಗಳನ್ನು ರೇಡಾರುಗಳೂ ಬಳಸುತ್ತವೆ. ಆ ಚಾನೆಲಿಗೆ ಹೋಗುವ ರೂಟರ್ ಕನಿಷ್ಠ 60 ಸೆಕೆಂಡು ಬಾಯಿ ಮುಚ್ಚಿಕೊಂಡು ರೇಡಾರ್ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕೆಂಬ ನಿಯಮವಿದೆ. ನಡುವೆ ರೇಡಾರಿನ ಸದ್ದು ಕೇಳಿಸಿದರೆ ಕೂಡಲೇ ಜಾಗ ಖಾಲಿ ಮಾಡಬೇಕು. ರೂಟರ್ ಆನ್ ಮಾಡಿದ ತಕ್ಷಣ 5 ಗಿಗಾಹರ್ಟ್ಸ್ ಹೆಸರು ಕಾಣದಿದ್ದರೆ, ಅಥವಾ ಆಗಾಗ ಮಾಯವಾಗಿ ಬರುತ್ತಿದ್ದರೆ ಇದೇ ಕಾರಣವಿರಬಹುದು. 36ರಿಂದ 48ರ ನಡುವಿನ ಚಾನೆಲಿಗೆ ಹಾಕಿ ನೋಡಿ.

ಹೊಸ ರೂಟರ್ ತಂದ ದಿನವೇ ಹಳೆಯ ಲ್ಯಾಪ್‌ಟಾಪಿಗೆ ಅದು ಕಾಣದಾದರೆ ಇನ್ನೊಂದು ಅನುಮಾನ. ವೈಫೈ 6 (ಇದು ವೈಫೈಯ ಒಂದು ಪೀಳಿಗೆಯ ಹೆಸರು, 6 ಗಿಗಾಹರ್ಟ್ಸ್ ಅಲ್ಲ) ರೂಟರುಗಳು ಮಾರುಕಟ್ಟೆಗೆ ಬಂದಾಗ ಇಂಟೆಲ್ ಕಂಪನಿಯ ಹಲವು ಹಳೆಯ ವೈಫೈ ಚಿಪ್ಪುಗಳಿಗೆ ಅವುಗಳ ಬೀಕನ್ ಅರ್ಥವಾಗದೆ, ಹೆಸರನ್ನು ಪಟ್ಟಿಯಲ್ಲೇ ತೋರಿಸದೆ ಬಿಡುತ್ತಿದ್ದವು. ಚಿಪ್ಪಿನಲ್ಲಿ ದೋಷವೇನಿರಲಿಲ್ಲ, ಡ್ರೈವರ್ ಹಳೆಯದಾಗಿತ್ತು. ಇಂಟೆಲ್ಲೇ ಹೊಸ ಡ್ರೈವರ್ ಹಾಕಿಕೊಳ್ಳಿ ಎಂದು ಹೇಳಿತು. ಡ್ರೈವರ್ ಹೊಸದು ಮಾಡಲು ಆಗದಿದ್ದರೆ ರೂಟರಿನಲ್ಲಿ 2.4 ಪಟ್ಟಿಯ ಮಟ್ಟಿಗೆ ವೈಫೈ 6 ಅನ್ನು ಆಫ್ ಮಾಡಿದರೂ ಕೆಲಸ ನಡೆಯುತ್ತದೆ.

ಹೆಸರು ಕಂಡೂ ಸೇರಲು ತಿಣುಕುತ್ತಿದ್ದರೆ, ಅಥವಾ ಸೇರಿ ಸೇರಿ ಬಿಟ್ಟುಹೋಗುತ್ತಿದ್ದರೆ ಲ್ಯಾಪ್‌ಟಾಪನ್ನು ರೂಟರಿರುವ ಕೋಣೆಗೇ ಒಯ್ದು ನೋಡಿ. 5 ಗಿಗಾಹರ್ಟ್ಸ್ ವೇಗ ಹೆಚ್ಚು, ಗೋಡೆ ದಾಟುವ ತಾಕತ್ತು ಕಡಿಮೆ. 2.4 ದೂರ ಹೋಗುತ್ತದೆ, ಆದರೆ ಅಲ್ಲಿ ಗಲಾಟೆ ಜಾಸ್ತಿ: ಮೈಕ್ರೋವೇವ್ ಒಲೆ, ಬ್ಲೂಟೂತ್ ಎಲ್ಲವೂ ಅದೇ ಬೀದಿಯಲ್ಲಿ ಓಡಾಡುತ್ತವೆ. ಯುಎಸ್‌ಬಿ 3 ಕೇಬಲುಗಳೂ ಹಾರ್ಡ್ ಡಿಸ್ಕುಗಳೂ 2.4ರ ಆಸುಪಾಸಿನಲ್ಲಿ ಸದ್ದೆಬ್ಬಿಸುತ್ತವೆಂದು 2012ರಲ್ಲಿ ಇಂಟೆಲ್ ಒಂದು ಪ್ರಬಂಧದಲ್ಲಿ ತೋರಿಸಿತ್ತು. ಬ್ಯಾಕಪ್ ತೆಗೆಯಲು ಡಿಸ್ಕ್ ಸಿಕ್ಕಿಸಿದಾಗಲೆಲ್ಲ ವೈಫೈ ಮುಗ್ಗರಿಸುತ್ತಿದ್ದರೆ ಡಿಸ್ಕನ್ನು ಉದ್ದದ ಕೇಬಲಿನಿಂದ ದೂರ ಇಡಿ, ಇಲ್ಲವೇ 5ಕ್ಕೆ ಬದಲಾಯಿಸಿಕೊಳ್ಳಿ.

ಸಿಗ್ನಲ್ಲಿನ ಗೆರೆಗಳ ಬಗ್ಗೆಯೂ ಒಂದು ಮಾತು. ಆ ಗೆರೆಗಳು ಹೇಳುವುದು ರೂಟರಿನ ದನಿ ಲ್ಯಾಪ್‌ಟಾಪಿಗೆ ಎಷ್ಟು ಕೇಳಿಸುತ್ತಿದೆ ಎಂದು ಮಾತ್ರ. ಲ್ಯಾಪ್‌ಟಾಪಿನ ದನಿ ಸಾಮಾನ್ಯವಾಗಿ ರೂಟರಿನದ್ದಕ್ಕಿಂತ ಸಣ್ಣದು, ಅದು ರೂಟರನ್ನು ಮುಟ್ಟುತ್ತಿದೆಯೇ ಎಂಬುದಕ್ಕೆ ಗೆರೆ ಇಲ್ಲ. ಎರಡು ಗೆರೆ ಕಾಣುತ್ತಿದ್ದರೂ ಸೇರಲಾಗದ ವಿಚಿತ್ರ ಇದರಿಂದಲೇ ಹುಟ್ಟುತ್ತದೆ.

ಪಾಸ್‌ವರ್ಡ್ ಸರಿಯಿದೆ, ಆದರೂ ಒಪ್ಪುತ್ತಿಲ್ಲ

ಎಲ್ಲಕ್ಕಿಂತ ಹೆಚ್ಚು ತಲೆ ತಿನ್ನುವ ಮೆಟ್ಟಿಲು ಇದು. ಹಾಗಾಗಿ ಒಳಗೇನು ನಡೆಯುತ್ತದೆ ಎಂದು ಸ್ವಲ್ಪ ನಿಂತು ನೋಡುವುದು ಒಳ್ಳೆಯದು.

ನೀವು ಒತ್ತಿದ ಪಾಸ್‌ವರ್ಡ್ ಗಾಳಿಯಲ್ಲಿ ರೂಟರಿಗೆ ಹೋಗುತ್ತದೆ, ರೂಟರ್ ಅದನ್ನು ತಾಳೆ ನೋಡಿ ಸರಿ ಅಥವಾ ತಪ್ಪು ಎನ್ನುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ಪಾಸ್‌ವರ್ಡ್ ಎಂದೂ ಗಾಳಿಗೆ ಬೀಳುವುದಿಲ್ಲ. 2004ರಿಂದ ಬಳಕೆಯಲ್ಲಿರುವ ಡಬ್ಲ್ಯುಪಿಎ2 ಎಂಬ ವೈಫೈ ಬೀಗದ ಪದ್ಧತಿಯಲ್ಲಿ ಲ್ಯಾಪ್‌ಟಾಪ್ ನಿಮ್ಮ ಪಾಸ್‌ವರ್ಡಿಗೆ ನೆಟ್‌ವರ್ಕಿನ ಹೆಸರನ್ನು ಬೆರೆಸಿ, ಅದನ್ನು 4096 ಸಲ ಅರೆದು ಒಂದು ಉದ್ದನೆಯ ಕೀಲಿ ತಯಾರಿಸುತ್ತದೆ. ರೂಟರೂ ತನ್ನ ಬಳಿ ಇರುವ ಪಾಸ್‌ವರ್ಡಿನಿಂದ ಹಾಗೆಯೇ ತಯಾರಿಸಿಟ್ಟುಕೊಂಡಿರುತ್ತದೆ. ಆಮೇಲೆ ಎರಡೂ ನಾಲ್ಕು ಸಂದೇಶಗಳನ್ನು ವಿನಿಮಯ ಮಾಡಿಕೊಂಡು, ಕೀಲಿಯನ್ನು ಬಾಯಿಬಿಟ್ಟು ಹೇಳದೆ, ‘ನನ್ನ ಬಳಿಯೂ ಅದೇ ಇದೆ’ ಎಂದು ಸಾಬೀತು ಮಾಡುತ್ತವೆ.

ಪಾಸ್‌ವರ್ಡ್ ತಪ್ಪಿದ್ದರೆ ಏನಾಗುತ್ತದೆ? ರೂಟರ್ ‘ತಪ್ಪು’ ಎಂದು ಹೇಳುವುದಿಲ್ಲ. ಎರಡನೆಯ ಸಂದೇಶದ ಮುದ್ರೆ ತಾಳೆಯಾಗದಿದ್ದರೆ ಅದನ್ನು ಕಸಕ್ಕೆ ಹಾಕಿ ಮೊದಲನೆಯ ಸಂದೇಶವನ್ನೇ ಮತ್ತೆ ಮತ್ತೆ ಕಳಿಸಿ, ಸುಸ್ತಾಗಿ, ಸಂಪರ್ಕ ಕಡಿಯುತ್ತದೆ. ಲ್ಯಾಪ್‌ಟಾಪಿನ ಕಡೆಯಿಂದ ನೋಡಿದರೆ ಉತ್ತರ ಬಾರದೆ ಫೋನಿಟ್ಟಂತೆ. ಸಿಗ್ನಲ್ ಕೆಟ್ಟು ಸಂದೇಶ ಕಳೆದುಹೋದರೂ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ. ‘ಈ ನೆಟ್‌ವರ್ಕಿಗೆ ಸೇರಲಾಗುತ್ತಿಲ್ಲ’ ಎಂಬ ಅಡ್ಡಗೋಡೆಯ ಮೇಲಿನ ದೀಪದಂಥ ಸಂದೇಶ ಬರುವುದು ಇದಕ್ಕೇ. ಲ್ಯಾಪ್‌ಟಾಪ್ ಏನನ್ನೂ ಮುಚ್ಚಿಡುತ್ತಿಲ್ಲ, ಅದಕ್ಕೂ ನಿಜಕ್ಕೂ ಗೊತ್ತಿಲ್ಲ.

ಹಾಗಾಗಿ ಮೊದಲು ಒತ್ತಿದ್ದೇ ಸರಿಯೇ ಎಂದು ನೋಡಿ. ಪಾಸ್‌ವರ್ಡ್ ಪೆಟ್ಟಿಗೆಯ ಪಕ್ಕದ ಕಣ್ಣಿನ ಚಿತ್ರ ಒತ್ತಿದರೆ ಅಕ್ಷರಗಳು ಕಾಣುತ್ತವೆ. ಸೊನ್ನೆಗೂ ದೊಡ್ಡ ಓ ಅಕ್ಷರಕ್ಕೂ, ಒಂದಕ್ಕೂ ಸಣ್ಣ ಎಲ್ ಅಕ್ಷರಕ್ಕೂ ಆಗುವ ಗೊಂದಲ ಎಲ್ಲರಿಗೂ ಗೊತ್ತು. ಕನ್ನಡ ಟೈಪ್ ಮಾಡುವವರಿಗೆ ಇನ್ನೊಂದು ಬಲೆ ಇದೆ: ಕೀಬೋರ್ಡ್ ಕನ್ನಡಕ್ಕೆ ಬದಲಾಗಿ ಉಳಿದಿರುತ್ತದೆ, ಪೆಟ್ಟಿಗೆಯಲ್ಲಿ ಚುಕ್ಕಿಗಳಷ್ಟೇ ಕಾಣುತ್ತಿರುತ್ತವೆ, ಒಳಗೆ ಬಿದ್ದಿರುವುದು ಬೇರೇನೋ. ವಿಂಡೋಸ್ ಕೀ ಮತ್ತು ಸ್ಪೇಸ್ ಬಾರ್ ಒಟ್ಟಿಗೆ ಒತ್ತಿ ಇಂಗ್ಲಿಷಿಗೆ ಬಂದು ಮತ್ತೆ ಪ್ರಯತ್ನಿಸಿ. ಮೊಬೈಲಿನಿಂದ ನಕಲು ಮಾಡಿ ಅಂಟಿಸಿದ್ದರೆ ಕೊನೆಯಲ್ಲಿ ಒಂದು ಖಾಲಿ ಜಾಗ ಸೇರಿಕೊಂಡಿದೆಯೇ ನೋಡಿ, ಅದೂ ಒಂದು ಅಕ್ಷರವೇ.

ಅಕ್ಷರ ಅಕ್ಷರವೂ ಸರಿಯಿದ್ದು ಒಪ್ಪದಿದ್ದರೆ ಹಳೆಯ ನೆನಪಿನ ಕಾಟ. ಲ್ಯಾಪ್‌ಟಾಪ್ ಒಮ್ಮೆ ಸೇರಿದ ನೆಟ್‌ವರ್ಕಿನ ಹೆಸರು, ಬೀಗದ ಬಗೆ, ಪಾಸ್‌ವರ್ಡ್ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆ. ನೀವು ರೂಟರ್ ಬದಲಿಸಿ, ಹಳೆಯ ಹೆಸರನ್ನೇ ಇಟ್ಟು, ಪಾಸ್‌ವರ್ಡನ್ನೋ ಬೀಗದ ಬಗೆಯನ್ನೋ ಬೇರೆ ಮಾಡಿದ್ದೀರಿ ಎನ್ನಿ. ಲ್ಯಾಪ್‌ಟಾಪ್ ಪಾಪ ಹಳೆಯ ಕೀಲಿಯನ್ನೇ ಹೊಸ ಬೀಗಕ್ಕೆ ತುರುಕುತ್ತಿರುತ್ತದೆ. ಸೆಟ್ಟಿಂಗ್ಸಿನಲ್ಲಿ ‘ಮ್ಯಾನೇಜ್ ನೋನ್ ನೆಟ್‌ವರ್ಕ್ಸ್’ ತೆರೆದು ಆ ಹೆಸರಿಗೆ ‘ಫರ್ಗೆಟ್’ ಕೊಟ್ಟು ಹೊಸದಾಗಿ ಸೇರಿ. ಒಂದೇ ಒಂದು ಉಪಾಯ ಹೇಳು ಎಂದರೆ ನಾನು ಹೇಳುವುದು ಇದನ್ನೇ.

ಬೀಗದ ಬಗೆ ಎಂದೆನಲ್ಲ, ಅದೂ ಮುಖ್ಯ. ಡಬ್ಲ್ಯುಪಿಎ3 ಎಂಬ ಹೊಸ ಬೀಗ 2018ರಲ್ಲಿ ಬಂತು. ವಿಂಡೋಸ್ 10ಕ್ಕೆ ಅದು ತಿಳಿದದ್ದು 2019ರ 1903 ಆವೃತ್ತಿಯಿಂದ, ಅದೂ ಚಿಪ್ಪು ಮತ್ತು ಡ್ರೈವರ್ ಒಪ್ಪಿದರೆ. ಹೊಸ ರೂಟರನ್ನು ‘ಡಬ್ಲ್ಯುಪಿಎ3 ಮಾತ್ರ’ ಎಂದು ಇಟ್ಟರೆ ಹಳೆಯ ಲ್ಯಾಪ್‌ಟಾಪಿಗೆ ಹೆಸರು ಕಾಣುತ್ತದೆ, ಬಾಗಿಲು ತೆರೆಯುವುದಿಲ್ಲ. ‘ಡಬ್ಲ್ಯುಪಿಎ2/ಡಬ್ಲ್ಯುಪಿಎ3’ ಎಂಬ ಮಿಶ್ರ ಆಯ್ಕೆ ಇಡಿ. ಅದರಲ್ಲೂ ಕೆಲವು ಹಳೆಯ ಚಿಪ್ಪುಗಳು ಎಡವುತ್ತವೆ. ಆಗ ಡಬ್ಲ್ಯುಪಿಎ2ಕ್ಕೆ ಇಳಿಯಬಹುದು, ಪಾಸ್‌ವರ್ಡ್ ಉದ್ದವಾಗಿದ್ದರೆ ಭಯವಿಲ್ಲ. ಆದರೆ ಕೆಲಸ ಆಗಲೆಂದು ಡಬ್ಲ್ಯುಇಪಿಗೆ ಇಳಿಯಬೇಡಿ. ಅದು 1990ರ ದಶಕದ ಬೀಗ, ಈಗ ನಿಮಿಷಗಳಲ್ಲಿ ಮುರಿಯಬಹುದಾದದ್ದು.

ಇನ್ನೊಂದು ಕಾರಣವನ್ನು ಜನ ಮರೆಯುತ್ತಾರೆ. ಕೆಲವು ಮನೆಗಳಲ್ಲಿ ಮಕ್ಕಳ ಸಲುವಾಗಿಯೋ ಭದ್ರತೆಗೆಂದೋ ರೂಟರಿನಲ್ಲಿ ಮ್ಯಾಕ್ ಫಿಲ್ಟರ್ ಹಾಕಿರುತ್ತಾರೆ. ಪಟ್ಟಿಯಲ್ಲಿರುವ ಸಾಧನಗಳಿಗಷ್ಟೇ ಪ್ರವೇಶ. ಮ್ಯಾಕ್ ವಿಳಾಸವೆಂದರೆ ರೇಡಿಯೋ ಚಿಪ್ಪಿಗೆ ಕೊಟ್ಟಿರುವ 48 ಬಿಟ್ಟಿನ ಗುರುತು. ಆದರೆ ಈಗಿನ ವಿಂಡೋಸಿನಲ್ಲಿ ‘ರ್‍ಯಾಂಡಮ್ ಹಾರ್ಡ್‌ವೇರ್ ಅಡ್ರೆಸಸ್’ ಎಂಬ ಆಯ್ಕೆ ಇದೆ. ಆನ್ ಮಾಡಿದರೆ ಲ್ಯಾಪ್‌ಟಾಪ್ ತನ್ನ ನಿಜವಾದ ಗುರುತಿನ ಬದಲು ಕಲ್ಪಿತ ಗುರುತೊಂದನ್ನು ತೋರಿಸುತ್ತದೆ. ವೇಷ ಹಾಕಿಕೊಂಡು ಬಂದ ಮನೆಯವರನ್ನೇ ಕಾವಲುಗಾರ ಹೊರಗೆ ನಿಲ್ಲಿಸಿದ ಹಾಗೆ. ಮನೆಯ ನೆಟ್‌ವರ್ಕಿಗೆ ಆ ಆಯ್ಕೆ ಆಫ್ ಇರಲಿ. ರಾತ್ರಿ ಇಂಥ ಗಂಟೆಯಿಂದ ಇಂಟರ್‌ನೆಟ್ ಬೇಡ ಎಂಬ ವೇಳಾಪಟ್ಟಿಯೂ ರೂಟರಿನಲ್ಲಿರಬಹುದು, ಹಾಕಿದವರಿಗೇ ಮರೆತುಹೋಗಿರಬಹುದು.

ಸೇರಿದೆ, ಆದರೆ ಇಂಟರ್‌ನೆಟ್ ಇಲ್ಲ

ಪಾಸ್‌ವರ್ಡ್ ದಾಟಿದ ಮೇಲೆ ಲ್ಯಾಪ್‌ಟಾಪ್ ‘ನನಗೊಂದು ವಿಳಾಸ ಕೊಡಿ’ ಎಂದು ಕೂಗುತ್ತದೆ. ರೂಟರಿನೊಳಗಿರುವ ಡಿಎಚ್‌ಸಿಪಿ ಎಂಬ ಗುಮಾಸ್ತ ತನ್ನ ಕಟ್ಟಿನಿಂದ ಒಂದು ವಿಳಾಸ ತೆಗೆದು ಕೊಡುತ್ತಾನೆ, ಸಾಮಾನ್ಯವಾಗಿ 192.168 ಎಂದು ಶುರುವಾಗುವಂಥದ್ದು. ಗುಮಾಸ್ತನಿಂದ ಉತ್ತರವೇ ಬಾರದಿದ್ದರೆ ವಿಂಡೋಸ್ ತಾನೇ 169.254 ಎಂದು ಶುರುವಾಗುವ ಒಂದು ವಿಳಾಸ ಇಟ್ಟುಕೊಂಡು ಕೂರುತ್ತದೆ. ಆ ವಿಳಾಸದಿಂದ ಇಂಟರ್‌ನೆಟ್ಟಿಗೆ ಹೋಗುವ ದಾರಿಯಿಲ್ಲ.

ಆದ್ದರಿಂದ ವೈಫೈ ಸೇರಿಯೂ ಏನೂ ತೆರೆಯದಿದ್ದರೆ ಮೊದಲು ಆ ನೆಟ್‌ವರ್ಕಿನ ಪ್ರಾಪರ್ಟೀಸ್ ತೆರೆದು ಐಪಿವಿ4 ವಿಳಾಸ ಓದಿ. 169.254 ಕಂಡಿತೋ, ತೊಂದರೆ ನಾಲ್ಕನೆಯ ಮೆಟ್ಟಿಲಿನಲ್ಲಿದೆ, ಸಂಶಯವಿಲ್ಲ. ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿ, ಗುಮಾಸ್ತ ನಿದ್ದೆ ಹೋಗಿದ್ದರೆ ರೂಟರನ್ನು ರೀಸ್ಟಾರ್ಟ್ ಮಾಡಿ. ವಿಳಾಸಗಳ ಕಟ್ಟೇ ಮುಗಿದಿರುವುದೂ ಉಂಟು. ಬಲ್ಬು, ಕ್ಯಾಮೆರಾ, ಸ್ಪೀಕರ್, ಅತಿಥಿಗಳ ಫೋನುಗಳೆಲ್ಲ ಒಂದೊಂದು ತೆಗೆದುಕೊಂಡಿರುತ್ತವೆ, ಮತ್ತು ಹೊರಟುಹೋದ ಅತಿಥಿಯ ವಿಳಾಸ ಅವಧಿ ಮುಗಿಯುವವರೆಗೂ ವಾಪಸ್ ಬರುವುದಿಲ್ಲ. ರೂಟರಿನಲ್ಲಿ ಆ ಕಟ್ಟನ್ನು ಹಿಗ್ಗಿಸಬಹುದು. ಸಿಗ್ನಲ್ ಹಿಗ್ಗಿಸಲೆಂದು ಹಳೆಯ ರೂಟರನ್ನು ಎರಡನೆಯದಾಗಿ ಸಿಕ್ಕಿಸಿದ ಮನೆಗಳಲ್ಲಿ ಇಬ್ಬರು ಗುಮಾಸ್ತರು ಒಂದೇ ಕಚೇರಿಯಲ್ಲಿ ಕೂತು ಬೇರೆ ಬೇರೆ ವಿಳಾಸ ಹಂಚುವ ಅವಾಂತರವೂ ಆಗುತ್ತದೆ. ಎರಡನೆಯದರಲ್ಲಿ ಡಿಎಚ್‌ಸಿಪಿ ಆಫ್ ಮಾಡಿ.

ವಿಳಾಸ 169.254 ಅಲ್ಲ, ಆದರೆ ರೂಟರಿನ ಸಾಲಿಗೆ ಸೇರಿದ್ದೂ ಅಲ್ಲ ಎಂದರೆ ಯಾರೋ ಅದನ್ನು ಕೈಯಾರೆ ಬರೆದಿರಬಹುದು. ಕಚೇರಿಯಲ್ಲಿ ಬಳಸಿದ ಲ್ಯಾಪ್‌ಟಾಪುಗಳಲ್ಲಿ ಇದು ಸಾಮಾನ್ಯ. ಐಪಿ ಅಸೈನ್‌ಮೆಂಟ್ ಎಂಬುದನ್ನು ಮ್ಯಾನುಯಲ್‌ನಿಂದ ಆಟೋಮ್ಯಾಟಿಕ್‌ಗೆ ತನ್ನಿ.

ವಿಳಾಸವೂ ಸರಿಯಿದ್ದರೆ ಉಳಿಯುವುದು ಕೊನೆಯ ಮೆಟ್ಟಿಲು. ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್ (ping) ಆದೇಶದ ಮುಂದೆ 8.8.8.8 ಎಂದು ಬರೆದು ಎಂಟರ್ ಒತ್ತಿ. ಅದು ಗೂಗಲ್ ನಡೆಸುವ ಡಿಎನ್‌ಎಸ್ ಸರ್ವರಿನ ವಿಳಾಸ. ಅದಕ್ಕೆ ಉತ್ತರ ಬರುತ್ತಿದೆ, ಹೆಸರು ಹೇಳಿದರೆ ಮಾತ್ರ ಯಾವ ತಾಣವೂ ತೆರೆಯುತ್ತಿಲ್ಲ ಎಂದರೆ ಹೆಸರನ್ನು ವಿಳಾಸವಾಗಿ ಬದಲಿಸುವ ಡಿಎನ್‌ಎಸ್ ಕೆಟ್ಟಿದೆ. ವೈಫೈಯ ಸೆಟ್ಟಿಂಗಿನಲ್ಲಿ ಡಿಎನ್‌ಎಸ್ ಅನ್ನು 8.8.8.8 ಅಥವಾ 1.1.1.1 ಎಂದು ಕೈಯಾರೆ ಕೊಟ್ಟು ನೋಡಿ. ವಿಪಿಎನ್ ಹಾಕಿಕೊಂಡಿದ್ದರೆ ಅದನ್ನು ಪೂರ್ತಿ ಮುಚ್ಚಿ. ತನ್ನ ಸಂಪರ್ಕ ಕಡಿದರೆ ಇಡೀ ಇಂಟರ್‌ನೆಟ್ಟನ್ನೇ ಕಡಿಯುವ ‘ಕಿಲ್ ಸ್ವಿಚ್’ ಹಲವು ವಿಪಿಎನ್‌ಗಳಲ್ಲಿದೆ. ಇಂಟರ್‌ನೆಟ್ಟನ್ನು ನಡುವಿನ ಬೇರೊಂದು ಸರ್ವರಿನ ಮೂಲಕ ತಿರುಗಿಸುವ ಪ್ರಾಕ್ಸಿ ಎಂಬ ಸೆಟ್ಟಿಂಗೂ ಆಫ್ ಇರಲಿ.

ಗಡಿಯಾರವನ್ನೂ ನೋಡಿ. ತಿಂಗಳುಗಟ್ಟಲೆ ಮುಟ್ಟದೆ ಇಟ್ಟ ಲ್ಯಾಪ್‌ಟಾಪ್ ತೆಗೆದಾಗ ಅದರ ದಿನಾಂಕ ವರ್ಷಗಳ ಹಿಂದಕ್ಕೆ ಹೋಗಿರುವುದುಂಟು. ಸುರಕ್ಷಿತ ತಾಣಗಳ ಪ್ರಮಾಣಪತ್ರಕ್ಕೆ ಆರಂಭದ ದಿನ, ಕೊನೆಯ ದಿನ ಎರಡೂ ಇರುತ್ತವೆ. ಲ್ಯಾಪ್‌ಟಾಪಿನ ಪ್ರಕಾರ ಆ ಪತ್ರ ಇನ್ನೂ ಹುಟ್ಟಿಯೇ ಇಲ್ಲ, ಹಾಗಾಗಿ ಬ್ರೌಸರ್ ತಾಣವನ್ನೇ ನಿರಾಕರಿಸುತ್ತದೆ. ಬಳಸುವವರಿಗೆ ಕಾಣುವುದು ಮಾತ್ರ ‘ವೈಫೈ ಇದೆ, ಏನೂ ತೆರೆಯುತ್ತಿಲ್ಲ’.

ಇಷ್ಟಾದರೂ ಬಗೆಹರಿಯದಿದ್ದರೆ

ವಿಂಡೋಸ್ ತನ್ನ ವೈಫೈ ದಿನಚರಿಯನ್ನು ಬರೆದಿಟ್ಟಿರುತ್ತದೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ನೆಟ್‌ಎಸ್‌ಎಚ್ ಡಬ್ಲ್ಯುಲ್ಯಾನ್ ಶೋ ಡಬ್ಲ್ಯುಲ್ಯಾನ್‌ರಿಪೋರ್ಟ್’ ಎಂದು ಇಂಗ್ಲಿಷಿನಲ್ಲಿ (netsh wlan show wlanreport) ಟೈಪ್ ಮಾಡಿದರೆ ಕಳೆದ ಮೂರು ದಿನಗಳ ವರದಿಯೊಂದು ತಯಾರಾಗುತ್ತದೆ. ಬ್ರೌಸರಿನಲ್ಲಿ ತೆರೆದರೆ ಎಲ್ಲೆಲ್ಲಿ ಮುಗ್ಗರಿಸಿತು ಎಂಬುದು ಕೆಂಪು ಗುರುತಿನಲ್ಲಿ ಕಾಣುತ್ತದೆ, ಪಕ್ಕದಲ್ಲಿ ಕಾರಣವೂ ಇರುತ್ತದೆ. ಆಪಲ್ ಕಂಪನಿಯ ಮ್ಯಾಕ್ ಕಂಪ್ಯೂಟರಿನಲ್ಲಾದರೆ ಆಪ್ಷನ್ ಕೀ ಒತ್ತಿ ಹಿಡಿದು ವೈಫೈ ಚಿಹ್ನೆಯ ಮೇಲೆ ಕ್ಲಿಕ್ ಮಾಡಿ, ಚಾನೆಲ್, ಬೀಗದ ಬಗೆ, ಸಿಗ್ನಲ್ ಬಲ ಎಲ್ಲ ಒಂದೇ ಕಡೆ ಕಾಣುತ್ತವೆ.

ವಿಂಡೋಸಿನ ‘ನೆಟ್‌ವರ್ಕ್ ರೀಸೆಟ್’ ಗುಂಡಿಯನ್ನು ನಾನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಅದು ನೆಟ್‌ವರ್ಕಿಗೆ ಸಂಬಂಧಿಸಿದ ಎಲ್ಲವನ್ನೂ ಕಿತ್ತು ಹೊಸದಾಗಿ ಹಾಕುತ್ತದೆ, ಜೊತೆಗೆ ನೆನಪಿಟ್ಟ ವೈಫೈ ಪಾಸ್‌ವರ್ಡುಗಳನ್ನು ಅಳಿಸುತ್ತದೆ, ವಿಪಿಎನ್ ಇದ್ದರೆ ಮತ್ತೆ ಹೊಂದಿಸಬೇಕಾಗುತ್ತದೆ. ಪಾಸ್‌ವರ್ಡ್ ಬರೆದಿಟ್ಟುಕೊಂಡೇ ಒತ್ತಿ. ಅದನ್ನು ಒತ್ತಿದ ಮೇಲೂ ಮೊದಲ ಮೆಟ್ಟಿಲೇ ಏಳದಿದ್ದರೆ, ಪಟ್ಟಿ ಖಾಲಿಯೇ ಉಳಿದರೆ, ಚಿಪ್ಪು ನಿಜವಾಗಿ ಹೋಗಿರಬೇಕು, ಇಲ್ಲವೇ ಒಳಗಿನ ಆಂಟೆನಾದ ತಂತಿ ಕಳಚಿರಬೇಕು. ಅನೇಕ ಲ್ಯಾಪ್‌ಟಾಪುಗಳಲ್ಲಿ ವೈಫೈ ಕಾರ್ಡ್ ಒಂದೇ ಸ್ಕ್ರೂನಲ್ಲಿ ಕೂತಿರುವ ಬೆರಳಗಲದ ಬಿಲ್ಲೆ, ಬದಲಿಸುವುದು ಕಷ್ಟವಲ್ಲ. ತೆಳ್ಳಗಿನ ಮಾಡೆಲುಗಳಲ್ಲಿ ಅದನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅಂಥದ್ದಕ್ಕೆ ಯುಎಸ್‌ಬಿಗೆ ಸಿಕ್ಕಿಸುವ ವೈಫೈ ಅಡಾಪ್ಟರ್ ಒಂದನ್ನು ತಂದು, ಡಿವೈಸ್ ಮ್ಯಾನೇಜರಿನಲ್ಲಿ ಹಳೆಯ ಕಾರ್ಡಿನ ಸಾಲು ಇನ್ನೂ ಕಾಣುತ್ತಿದ್ದರೆ ಅದನ್ನು ಡಿಸೇಬಲ್ ಮಾಡಿ ಬಳಸುವುದೇ ಸುಲಭ.